ಮೊಹರಿನೊಳಗಿನ ಭಾವ

ಅರಗಣ್ಣ ಎಂಬುದು ಅವನಿಗೆ ತಂದೆತಾಯಿ ಇಟ್ಟ ಹೆಸರಲ್ಲ, ಪಟ್ಟಣದ ಕುಡುಕರು ಇಟ್ಟದ್ದು. ಅಬಕಾರಿ ಕಚೇರಿಯ ಜವಾನನಾಗಿ ಅವನು ಮಾಡುತ್ತಿದ್ದ ಮುಖ್ಯ ಕೆಲಸ ಒಂದೇ. ಮದ್ಯ ಮಾರಬಾರದೆಂದು ಸರ್ಕಾರ ಆಜ್ಞೆ ಹೊರಡಿಸಿದಾಗಲೆಲ್ಲ ಅದರ ಹಿಂದಿನ ಸಂಜೆ ಅಂಗಡಿ ಅಂಗಡಿಗೆ ಹೋಗಿ ಶಟರ್ ಎಳೆಸುವುದು, ಬೀಗಕ್ಕೆ ಬಟ್ಟೆ ಸುತ್ತಿ ಹುರಿಯಿಂದ ಬಿಗಿಯುವುದು, ಗಂಟಿನ ಮೇಲೆ ಕರಗಿದ ಅರಗು ಸುರಿದು ಹಿತ್ತಾಳೆಯ ಮೊಹರು ಒತ್ತುವುದು.

ನೋಡಲು ಸುಲಭ. ಆದರೆ ಅರಗು ಬಿಸಿ ಜಾಸ್ತಿಯಾದರೆ ಮೊಹರಿಗೇ ಅಂಟಿಕೊಂಡು ಎದ್ದು ಬರುತ್ತದೆ, ಆರಿಹೋದರೆ ಅಕ್ಷರ ಮೂಡುವುದಿಲ್ಲ. ಅದಕ್ಕೆ ಅವನು ಒತ್ತುವ ಮುನ್ನ ಮೊಹರನ್ನು ಒಮ್ಮೆ ನಾಲಗೆಗೆ ತಾಗಿಸಿ ಒದ್ದೆ ಮಾಡಿಕೊಳ್ಳುತ್ತಿದ್ದ. “ಊರಿನವರ ಗಂಟಲು ಒಣಗಿಸೋಕೆ ಇವನು ನಾಲಗೆ ಒದ್ದೆ ಮಾಡ್ಕೋತಾನೆ” ಎಂದು ಜನ ನಗುತ್ತಿದ್ದರು. ಕೊನೆಯ ಗಳಿಗೆಯಲ್ಲಿ ಓಡಿ ಬಂದವರು ಕೈ ಹಿಡಿದು ಗೋಗರೆಯುತ್ತಿದ್ದರು. ಕೆಲವರು ಅವನ ಬೆಂಕಿಪೊಟ್ಟಣ ಕದ್ದದ್ದೂ ಉಂಟು. ಅವನು ಎರಡು ಪೊಟ್ಟಣ ಇಟ್ಟುಕೊಳ್ಳುತ್ತಿದ್ದ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಒಂದು ಬೆಕ್ಕನ್ನು ಒಳಗೆ ಬಿಟ್ಟು ಮೊಹರು ಮಾಡಿದ್ದ. ಅಂದಿನಿಂದ ಶಟರ್ ಇಳಿಸುವ ಮುನ್ನ ಒಳಗೆ ತಲೆ ಹಾಕಿ, “ಒಳಗೆ ಯಾರಿದ್ದೀರಿ? ಇದ್ರೆ ಮಾತಾಡಿ” ಎಂದು ಮೂರು ಸಲ ಕೂಗುವುದನ್ನು ರೂಢಿ ಮಾಡಿಕೊಂಡ. ಮನುಷ್ಯರಾದವರು ಇದ್ದರೆ ಮಾತಾಡುತ್ತಾರೆ ಎಂಬುದು ಅವನ ನಂಬಿಕೆ. ಆ ನಂಬಿಕೆ ಚುನಾವಣೆಯ ಹೊತ್ತಿಗೆ, ಅವನ ಹೆಂಡತಿಯ ಅಣ್ಣನಿಂದಲೇ ಕೆಟ್ಟಿತು.

ಆ ಭಾವನನ್ನು ಊರು ‘ಬೇಡಪ್ಪ’ ಎನ್ನುತ್ತಿತ್ತು. ಟೈಪಿಂಗ್ ಕಲಿಸುವ ಶಾಲೆ ನಡೆಸಿ ಮುಚ್ಚಿದ ಒಂಟಿ ಮನುಷ್ಯ. ಜೀವಮಾನದಲ್ಲಿ ಹನಿ ಮುಟ್ಟಿದವರಲ್ಲ. ಪ್ರತಿ ಸಂಜೆ ದೊಡ್ಡ ಬೀದಿಯ ಮದ್ಯದಂಗಡಿಯ ಎದುರು ಒಂದು ಹಲಗೆ ಹಿಡಿದು ನಿಂತು, ಬಂದವರಿಗೆಲ್ಲ “ಬೇಡಪ್ಪಾ, ಬೇಡ” ಎನ್ನುವುದು ಅವರ ಬದುಕಾಗಿತ್ತು. ಯಕೃತ್ತಿನ ಬಗ್ಗೆ, ಹೆಂಡತಿ ಮಕ್ಕಳ ಬಗ್ಗೆ ಅವರು ಮಾತು ಶುರು ಮಾಡುವಷ್ಟರಲ್ಲಿ ಗಿರಾಕಿಗಳು ರಸ್ತೆ ದಾಟಿ ಆ ಕಡೆಯಿಂದ ಬರುತ್ತಿದ್ದರು. ಇಷ್ಟು ವರ್ಷದಲ್ಲಿ ಅವರ ಭಾಷಣವನ್ನು ಪೂರ್ತಿ ಕೇಳಿದವನು, ಬಸ್ಸು ತಪ್ಪಿಸಿಕೊಂಡ ಪರ ಊರಿನವನೊಬ್ಬ.

ಮದ್ಯ ನಿಷೇಧದ ದಿನ ಬಂತೆಂದರೆ ಅದರ ಹಿಂದಿನ ದಿನ ಭಾವ ಮೌನ ಹಿಡಿಯುತ್ತಿದ್ದರು. ಮರುದಿನ ಬೆಳಕು ಹರಿಯುವವರೆಗೆ ಮಾತಿಲ್ಲ. ಜನ ಎರಡೆರಡು ದಿನಕ್ಕಾಗುವಷ್ಟು ಕೊಳ್ಳಲು ಮುಗಿಬೀಳುವುದನ್ನು ನೋಡಿ ಅವರಿಗೆ ಆಗುತ್ತಿದ್ದ ಸಂಕಟಕ್ಕೆ ಅದು ಪ್ರತಿಭಟನೆ. ಚುನಾವಣೆಯ ನಿಷೇಧಕ್ಕೆ ಮುಂಚಿನ ಆ ಸಂಜೆಯೂ ಅಂಗಡಿಯ ಮುಂದೆ ನೂಕುನುಗ್ಗಲು. ಯಜಮಾನ ಹಿಂದಿನ ಕೋಣೆಯಿಂದ ಕಳ್ಳದಾರಿಯಲ್ಲಿ ಸರಕು ಸಾಗಿಸುತ್ತಾನೋ ಎಂಬ ಅನುಮಾನ ಬಂದು, ಭಾವ ಗದ್ದಲದಲ್ಲಿ ಒಳಗೆ ನುಸುಳಿ, ಪೆಟ್ಟಿಗೆಗಳ ಹಿಂದೆ ಹೋಗಿ ನೋಡುತ್ತಿದ್ದರು.

ಅರಗಣ್ಣ ಬಂದ. ಗಿರಾಕಿಗಳನ್ನು ಹೊರಗೆ ಹಾಕಿಸಿದ. ಮೂರು ಸಲ ಕೂಗಿದ. ಉತ್ತರ ಬರಲಿಲ್ಲ. ಶಟರ್ ಇಳಿಯಿತು, ಅರಗು ಬಿತ್ತು.

ಬೆಳಿಗ್ಗೆ ರಸ್ತೆ ಗುಡಿಸಲು ಬಂದವಳಿಗೆ ಮೊದಲು ಕೇಳಿಸಿತು. ಶಟರ್ ಒಳಗಿನಿಂದ ಯಾರೋ ಗಂಟಲು ಸರಿ ಮಾಡಿಕೊಂಡು, “ಅಮ್ಮಾ, ಅರಗಣ್ಣನಿಗೆ ಸ್ವಲ್ಪ ಹೇಳಿ ಕಳಿಸ್ತೀರಾ?” ಎಂದು ಸಭ್ಯವಾಗಿ ಕೇಳಿದರು.

ಅರಗಣ್ಣ ಅಂಗಿಯ ಗುಂಡಿ ಹಾಕಿಕೊಳ್ಳದೆ ಓಡಿ ಬಂದು ಶಟರ್ ಮುಂದೆ ಕುಕ್ಕರುಗಾಲಲ್ಲಿ ಕೂತ. “ಭಾವ, ಕೂಗಿದೆನಲ್ಲ. ಒಂದು ‘ಹೂಂ’ ಅನ್ನಬಾರದಿತ್ತಾ?”

“ಮೌನ ಇತ್ತು.”

“ಹೋಗ್ಲಿ, ಶಟರ್ ಆದ್ರೂ ಬಡೀಬಹುದಿತ್ತು.”

“ಪೆಟ್ಟಿಗೆಗಳ ಹಿಂದಿನಿಂದ ಬರೋಷ್ಟರಲ್ಲಿ ಶಟರ್ ಇಳಿದಿತ್ತು. ಬಡಿಯೋಣ ಅಂತ ಯೋಚಿಸಿದೆ. ಬಡಿಯೋದೂ ಒಂಥರಾ ಮಾತಾಡಿದ ಹಾಗೇ ಅನ್ನಿಸ್ತು.”

ಅರಗಣ್ಣ ಅಬಕಾರಿ ಸಾಹೇಬರಿಗೆ ಫೋನು ಮಾಡಿದ. ಸಾಹೇಬರು ಚುನಾವಣೆ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದರು.

“ಬೆಂಕಿ ಬಿದ್ದಿದೆಯಾ?” ಎಂದರು ಸಾಹೇಬರು.

“ಇಲ್ಲ ಸಾರ್.”

“ನೀರು ನುಗ್ಗಿದೆಯಾ?”

“ಇಲ್ಲ ಸಾರ್. ಭಾವ ಇದ್ದಾರೆ.”

“ಮಧ್ಯದಲ್ಲಿ ಮೊಹರು ಒಡೆಯೋಕೆ ನಿಯಮದಲ್ಲಿ ಎರಡೇ ಕಾರಣ ಕೊಟ್ಟಿದ್ದಾರೆ. ಬೆಂಕಿ, ನೆರೆ. ಭಾವ ಅಂತ ಎಲ್ಲೂ ಬರೆದಿಲ್ಲ.”

“ಸಾರ್, ಮನುಷ್ಯ ಅಲ್ವಾ?”

“ಉಸಿರಾಡ್ತಿದ್ದಾರಾ?”

“ಭಾಷಣ ಮಾಡ್ತಿದ್ದಾರೆ ಸಾರ್.”

“ಮತ್ತೇನು ತೊಂದರೆ? ಮತದಾನಕ್ಕೆ ಮುಂಚೆ ಮದ್ಯದಂಗಡಿ ಬಾಗಿಲು ತೆರೆದ್ರು ಅಂತ ಯಾವನಾದ್ರೂ ಒಂದು ಫೋಟೋ ಹೊಡೆದ್ರೆ ನಿನ್ನ ನನ್ನ ಇಬ್ಬರ ಕಥೆಯೂ ಮುಗೀತು. ನಾಳೆ ಸಂಜೆ ಮತದಾನ ಮುಗಿದ ಮೇಲೆ ತೆಗಿ. ಒಳಗೆ ನೀರಿದೆಯಲ್ಲ?”

ನೀರಿತ್ತು. ಹಿಂದೆ ಒಂದು ನಲ್ಲಿ, ಒಂದು ಕಕ್ಕಸು ಕೋಣೆ, ಎತ್ತರದಲ್ಲಿ ಕಂಬಿ ಹಾಕಿದ ಗವಾಕ್ಷಿ. ಊಟಕ್ಕೆ ದಾರಿಯೆಂದರೆ ಶಟರ್ ಕೆಳಗಿನ ಸಂದು. ನೆಲ ಸ್ವಲ್ಪ ತಗ್ಗಾಗಿದ್ದಲ್ಲಿ ಅಂಗೈ ದಪ್ಪದ ಜಾಗವಿತ್ತು. ಅರಗಣ್ಣನ ಹೆಂಡತಿ ಬ್ರೆಡ್ ಹೋಳುಗಳನ್ನು ತಂದು ಒಂದೊಂದಾಗಿ, ಪೆಟ್ಟಿಗೆಗೆ ಮತಪತ್ರ ಹಾಕುವ ಹಾಗೆ ಒಳಗೆ ತಳ್ಳಿದಳು.

ಅದನ್ನು ನೋಡುತ್ತ ನಿಂತಿದ್ದವರಲ್ಲಿ ಒಬ್ಬ ಪ್ಲಂಬರ್ ಇದ್ದ. ಪೈಪಿನ ಅಳತೆ ಕಣ್ಣಲ್ಲೇ ತೆಗೆಯುವವನು. “ಬ್ರೆಡ್ ಒಳಗೆ ಹೋಗುತ್ತೆ ಅಂದ್ರೆ” ಎಂದು ಮೆಲ್ಲಗೆ ಶುರು ಮಾಡಿದ, “ಕ್ವಾರ್ಟರ್ ಬಾಟಲಿ ಅಡ್ಡ ಮಲಗಿಸಿದ್ರೆ ಹೊರಗೂ ಬರುತ್ತೆ.”

ಅರ್ಧ ಗಂಟೆಯಲ್ಲಿ ಬೀದಿ ತುಂಬಿತು. ಊರೆಲ್ಲ ಒಣಗಿ ಕೂತಿರುವಾಗ, ಮದ್ಯದ ರಾಶಿಯ ಮಧ್ಯೆ ಇರುವ ಏಕೈಕ ಮನುಷ್ಯ ಅದನ್ನು ಮುಟ್ಟದವನು ಎಂಬುದು ಜನರಿಗೆ ಸರ್ಕಾರದ ಕ್ರೂರ ತಮಾಷೆಯಂತೆ ಕಂಡಿತು. ಕೆಲವರು ಸೇರಿ ಒಂದು ಮನವಿ ಬರೆದರು: ನಾವೂ ಶಾಂತಿಪ್ರಿಯ ನಾಗರಿಕರು, ನಮ್ಮನ್ನೂ ಒಳಗೆ ಹಾಕಿ ಮೊಹರು ಮಾಡಬೇಕು. ಎರಡೂ ಪಕ್ಷದವರು ಬಂದು ಶಟರಿಗೆ ಕೈ ಮುಗಿದು ಮತ ಕೇಳಿ ಹೋದರು.

ಠಾಣೆಯಿಂದ ಒಬ್ಬ ಪೇದೆಯನ್ನು ಕಳಿಸಿದರು. ಬೀದಿಯಲ್ಲಿ ಕುಡಿಯಲು ಗುಂಪು ಸೇರಬಾರದೆಂಬ ಹೊಸ ಆಜ್ಞೆ ಅವನ ಜೇಬಿನಲ್ಲಿತ್ತು. ಆದರೆ ಇವರು ಕುಡಿಯುತ್ತಿರಲಿಲ್ಲ, ಕುಡಿಯಬೇಡಿ ಎಂಬ ಭಾಷಣ ಕೇಳುತ್ತಿದ್ದರು. ಅದನ್ನು ತಡೆಯುವ ಆಜ್ಞೆ ಹುಡುಕಿದರೂ ಸಿಗಲಿಲ್ಲ. ಸಂದಿನಿಂದ ಏನೂ ಹೊರಬರದಂತೆ ನೋಡಿಕೊಳ್ಳಲು ಒಂದು ಸ್ಟೂಲು ಹಾಕಿಕೊಂಡು ಕೂತ.

ಭಾವ ಮೊದಲ ದಿನ ಎಂದಿನ ಭಾಷಣವನ್ನೇ ಮಾಡಿದರು. ಯಕೃತ್ತು, ಸಂಸಾರ, ಸಮಾಜ. ಯಾರೂ ಎದ್ದು ಹೋಗಲಿಲ್ಲ. ಎಲ್ಲರ ಕಣ್ಣೂ ಸಂದಿನ ಮೇಲಿತ್ತು. ಮಧ್ಯೆ ಮಧ್ಯೆ ಪ್ಲಂಬರ್, “ಸರಿಯಾಗಿ ಹೇಳಿದ್ರಿ. ಸ್ವಲ್ಪ ಈ ಕಡೆ ಸರಿದು ಹೇಳಿ, ಕೇಳಿಸ್ತಿಲ್ಲ” ಎನ್ನುತ್ತಿದ್ದ.

ಎರಡನೇ ದಿನ ಮತ ಹಾಕಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಜನ ನೇರ ಅಲ್ಲಿಗೇ ಬಂದರು. ಅಂದು ಭಾವನ ಮಾತು ಬೇರೆಯಾಗಿತ್ತು. ಅವರು ನೆಲದ ಮೇಲೆ ಮಲಗಿ ಸಂದಿಗೆ ಬಾಯಿ ಇಟ್ಟು ಮಾತಾಡುತ್ತಿದ್ದರು. ಟೈಪಿಂಗ್ ಶಾಲೆಯ ಕೊನೆಯ ದಿನ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿದ ಮೇಲೆ, ಮೇಜಿನ ಮೇಲೆ ಬೆರಳು ಕುಟ್ಟುತ್ತ ಸಂಜೆಯವರೆಗೆ ಕೂತದ್ದು ಹೇಳಿದರು. ಮನೆಯಲ್ಲಿ ಮಾತಾಡಲು ಯಾರೂ ಇಲ್ಲದ್ದಕ್ಕೇ ಈ ಬೀದಿಗೆ ಬರುತ್ತಿದ್ದೆನೋ ಏನೋ ಎಂದರು. ನಡುವೆ ನಕ್ಕರು. ಬೇಡಪ್ಪ ನಕ್ಕದ್ದನ್ನು ಯಾರೂ ಕೇಳಿರಲಿಲ್ಲ.

“ಹಾಕೋಕೆ ಶುರು ಮಾಡಿದ್ದಾರೆ” ಎಂದ ಒಬ್ಬ, ತಿಳಿದವನ ಹಾಗೆ.

ಸುದ್ದಿ ಮಧ್ಯಾಹ್ನದೊಳಗೆ ಊರು ಸುತ್ತಿತು. ಅರಗಣ್ಣನ ಹೆಂಡತಿ ಬ್ರೆಡ್ ಚೀಲ ಹಿಡಿದು ಬಂದವಳು ಗಂಡನನ್ನು ಮೂಲೆಗೆ ಕರೆದಳು. “ನಮ್ಮಣ್ಣ ಗಳಿಸಿದ್ದು ಅಂತ ಇರೋದು ಅದೊಂದು ಹೆಸರು ಮಾತ್ರ ರೀ. ಮನೆ ಇಲ್ಲ, ಮಠ ಇಲ್ಲ. ಅದನ್ನೂ ಅರಗು ಹಾಕಿ ಕೂರಿಸಿದ್ರಲ್ಲ ನೀವು.”

“ನಾನು ಕೂಗಿದ್ದೆ ಕಣೆ.”

“ಕೂಗಿದ್ರಂತೆ. ಸಂಜೆ ಬಾಗಿಲು ತೆಗೆಯುವಾಗ ಇಡೀ ಬೀದಿ ಎದುರಿಗೆ ಆ ಪೊಲೀಸಪ್ಪನ ಹತ್ರ ಇರೋ, ಕುಡಿದದ್ದು ಹಿಡಿಯೋ ಯಂತ್ರಕ್ಕೆ ಊದಿಸ್ಬೇಕು. ಎಲ್ಲರ ಬಾಯಿ ಮುಚ್ಚಬೇಕು. ಇಲ್ಲದಿದ್ರೆ ನೀವೂ ಇಲ್ಲೇ ಮಲಗಿ, ಮನೆಗೆ ಬರ್ಬೇಡಿ.”

ಅರಗಣ್ಣ ಹೋಗಿ ಶಟರ್ ಬಳಿ ಕೂತ. “ಭಾವ, ನಿಜ ಹೇಳಿ. ಏನಾದ್ರೂ...”

“ಮುಚ್ಚಳ ಮುಟ್ಟಿದ್ರೆ ಕೇಳಯ್ಯ.”

“ಜನ ಬೇರೆ ಥರ ಅಂತಿದ್ದಾರೆ. ನಾಲಗೆ ಸಡಿಲ ಆಗಿದೆ ಅಂತ.”

“ಕೇಳೋ ಜನ ಸಿಕ್ಕಿದ್ರಲ್ಲ, ಅದಕ್ಕಿರಬೇಕು” ಎಂದರು ಭಾವ.

ಆಗ ಪ್ಲಂಬರ್ ಬಂದು ಅರಗಣ್ಣನ ಪಕ್ಕದಲ್ಲೇ ಕೂತ. ಪೇದೆ ಸಂದಿನ ಕಡೆ ಬಗ್ಗಿದ. ಆದರೆ ಪ್ಲಂಬರ್ ಬಾಟಲಿ ಕೇಳಲಿಲ್ಲ. ಶಟರಿಗೆ ಹಣೆ ಹಚ್ಚಿ, ತನ್ನ ಕೈ ನಡುಗಲು ಶುರುವಾಗಿದೆ ಎಂದ. ಪೈಪಿನ ತಿರುಪಿಗೆ ದಾರ ಸುತ್ತಲು ಆಗುತ್ತಿಲ್ಲ, ಹೆಂಡತಿಯನ್ನು ಕೆಲಸಕ್ಕೆ ಜೊತೆಗೆ ಕರೆದುಕೊಂಡು ಹೋಗಿ ಅವಳ ಕೈಲಿ ಸುತ್ತಿಸುತ್ತಿದ್ದೇನೆ, ಗಿರಾಕಿಗಳಿಗೆ ಅವಳು ಕೆಲಸ ಕಲಿಯುತ್ತಿದ್ದಾಳೆ ಅಂತ ಹೇಳಿದ್ದೇನೆ ಎಂದ.

“ಬಿಟ್ಟುಬಿಡಪ್ಪ” ಎಂದರು ಭಾವ. ಭಾಷಣದ ಧ್ವನಿ ಅಲ್ಲ ಅದು.

“ಇಷ್ಟು ದಿನ ನೀವು ಬಿಡು ಅಂದ್ರೆ ನಗು ಬರ್ತಿತ್ತು. ಈಜು ಬರದೋನು ದಡದಲ್ಲಿ ನಿಂತು ಕೈ ಹೀಗೆ ಬಡಿ ಅಂದ ಹಾಗೆ. ಈಗ ನೀವೂ ನೀರಿಗೆ ಇಳಿದಿದ್ದೀರಿ. ಇಳಿದೂ ಬೇಡ ಅಂತಿದ್ದೀರಿ. ನೀವು ಇಷ್ಟು ಸರಕಿನ ಮಧ್ಯೆ ಒಂದು ಗುಟುಕು ಕುಡಿದು ಸಾಕು ಅನ್ನೋಕಾದ್ರೆ, ನಾನೂ ಬಿಡ್ತೀನಿ. ನಾಳೆಯಿಂದ ಅಲ್ಲ, ಈ ಬಾಗಿಲು ತೆಗೆದ ಹೊತ್ತಿನಿಂದ.”

ಒಳಗಿನಿಂದ ಉತ್ತರ ಬರಲಿಲ್ಲ. ಮತ್ತೆ ಮೌನ ಹಿಡಿದರೇನೋ ಎಂದು ಅರಗಣ್ಣನಿಗೆ ಗಾಬರಿಯಾಯಿತು.

ಸಂಜೆ ಸಾಹೇಬರ ಫೋನು ಬಂತು. ಅರಗಣ್ಣ ಎಲ್ಲರ ಎದುರು ಅರಗು ಕೆತ್ತಿದ, ಹುರಿ ಕತ್ತರಿಸಿದ, ಬೀಗ ತೆಗೆದ. ಶಟರ್ ಮೇಲೆ ಹೋಯಿತು. ಭಾವ ಬ್ರೆಡ್ ಪುಡಿ ಕೊಡವಿಕೊಳ್ಳುತ್ತ ಹೊರಗೆ ಬಂದು, ಬೀದಿ ತುಂಬ ನಿಂತ ಜನರನ್ನು ಮೊದಲ ಸಲ ಕಣ್ಣಾರೆ ನೋಡಿದರು.

“ಊದಿಸಿ” ಎಂದಳು ತಂಗಿ, ಎಲ್ಲರಿಗೂ ಕೇಳುವ ಹಾಗೆ.

ಪೇದೆ ಯಂತ್ರದ ಕೊಳವೆಯನ್ನು ಭಾವನ ಬಾಯಿಗಿಟ್ಟ. ಭಾವ ಊದಿದರು. ಪೇದೆ ಯಂತ್ರವನ್ನು ಬೆಳಕಿಗೆ ಹಿಡಿದು ಓದಿದ. “ಸೊನ್ನೆ.”

ಅರಗಣ್ಣನ ಹೆಂಡತಿ ತಲೆ ಎತ್ತಿ ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆದರೆ ಅರಗಣ್ಣ ಜನರ ಮುಖ ನೋಡಿದ. ತಮ್ಮವರೇ ಎಂದು ಅವರು ಅಂದುಕೊಂಡಿದ್ದ ಭಾವ, ನೋಡುನೋಡುತ್ತಲೇ ಮತ್ತೆ ದಡಕ್ಕೆ ಹತ್ತಿ ನಿಂತಿದ್ದರು. ಹಿಂದೆ ನಿಂತಿದ್ದವರು ಆಗಲೇ ಚದುರತೊಡಗಿದ್ದರು.

“ಒಂದು ಗುಟುಕೂ ಇಲ್ವಾ?” ಎಂದ ಪ್ಲಂಬರ್. ಮೋಸ ಹೋದವನ ದನಿ. ಅವನ ಕೈ ದುಡ್ಡಿನ ಜೇಬಿನೊಳಗಿತ್ತು. ಅಂಗಡಿಯ ಬಾಗಿಲು ತೆರೆದಿತ್ತು.

ಭಾವ ತಂಗಿಯ ಕಡೆ ನೋಡಿದರು. ಪ್ಲಂಬರಿನ ಜೇಬಿನ ಕಡೆ ನೋಡಿದರು.

“ಸ್ವಲ್ಪ” ಎಂದರು.

ಬೀದಿ ನಿಂತಿತು.

“ಸೊನ್ನೆ ತೋರಿಸ್ತಿದೆ ಸ್ವಾಮಿ” ಎಂದ ಪೇದೆ.

“ಹಾಳಾಗಿರಬೇಕು.”

“ಹೊಸದು ಇದು.”

“ಹೊಸದೇ ಬೇಗ ಹಾಳಾಗೋದು” ಎಂದರು ಭಾವ. ಇಷ್ಟು ಸಣ್ಣ ಸುಳ್ಳಿಗೇ ಅವರ ಹಣೆ ಬೆವರಿತ್ತು.

ಅಷ್ಟರಲ್ಲಿ ಒಳಗೆ ಹೋಗಿ ನೋಡಿ ಬಂದ ಅಂಗಡಿ ಯಜಮಾನ, “ಎಲ್ಲಾ ಇಟ್ಟಿದ್ದು ಇಟ್ಟ ಹಾಗೇ...” ಎಂದು ಬಾಯಿ ತೆರೆದ. ಅರಗಣ್ಣ ಅವನ ಕಾಲನ್ನು ತುಳಿದು ಹಾಗೇ ನಿಂತುಕೊಂಡ. ಯಜಮಾನ ಮಾತು ನುಂಗಿದ.

ಈಗ ಎಲ್ಲರೂ ತಂಗಿಯನ್ನು ನೋಡುತ್ತಿದ್ದರು. ಅವಳು ನಿಧಾನವಾಗಿ ಮುಂದೆ ಬಂದಳು. ಅಣ್ಣನ ಬಾಯಿಯ ಹತ್ತಿರ ಮೂಗು ತಂದು ಉಸಿರೆಳೆದಳು. ಎರಡು ದಿನದ ಬ್ರೆಡ್ಡಿನ ವಾಸನೆಯ ಹೊರತು ಅಲ್ಲಿ ಬೇರೇನೂ ಇರಲಾರದೆಂದು ಅರಗಣ್ಣನಿಗೆ ಗೊತ್ತಿತ್ತು. ಅವಳಿಗೂ ಈಗ ಗೊತ್ತಾಗಿತ್ತು. ಅವಳು ಅಣ್ಣನ ಮುಖವನ್ನೇ ನೋಡಿದಳು. ಆಮೇಲೆ ಪ್ಲಂಬರನನ್ನು ನೋಡಿದಳು.

“ಥೂ” ಎಂದು ಅಂಗೈಯಿಂದ ಮೂಗು ಮುಚ್ಚಿಕೊಂಡಳು. “ಗಬ್ಬು ನಾರ್ತಿದೆ. ನಡಿ ಮನೆಗೆ.”

ಪ್ಲಂಬರ್ ಜೇಬಿನಿಂದ ಕೈ ಬರಿದಾಗಿ ತೆಗೆದು, ಮುಂದೆ ಬಂದು ಭಾವನ ಒಂದು ರಟ್ಟೆ ಹಿಡಿದ. ಇನ್ನೊಂದನ್ನು ಅರಗಣ್ಣ ಹಿಡಿದ. ಜನ ದಾರಿ ಬಿಟ್ಟರು. ನಾಲ್ಕು ಹೆಜ್ಜೆ ನಡೆದ ಮೇಲೆ ಏನೋ ಜ್ಞಾಪಕ ಬಂದವರಂತೆ ಭಾವ ತೂರಾಡಲು ನೋಡಿದರು. ಅಭ್ಯಾಸವಿರಲಿಲ್ಲ. ಮುಳ್ಳು ಚುಚ್ಚಿದವರು ಕುಂಟಿದ ಹಾಗಾಯಿತು.

“ಹೊಸಬರಿಗೆ ಹಾಗೇ ಆಗುತ್ತೆ” ಎಂದ ಪ್ಲಂಬರ್, ಅವರನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡು. “ನಿಧಾನಕ್ಕೆ ಕಾಲಿಡಿ.”