ನೀಲಿ ಕೋಟಿನ ಪುಟ ತಿದ್ದಿಸಿದವರು

ನಮ್ಮ ಬೀದಿಯ ಟೈಲರ್ ತೀರಿಕೊಂಡು ಎರಡು ತಿಂಗಳಾಯಿತು. ಎಲ್ಲರೂ ಅವರನ್ನು ‘ಅಂಗುಲ’ ಎಂದೇ ಕರೆಯುತ್ತಿದ್ದರು. ನನಗಿಂತ ಹನ್ನೆರಡು ವರ್ಷ ದೊಡ್ಡವರು. ನನಗೆ ಅಣ್ಣನೂ ಹೌದು, ಗೆಳೆಯನೂ ಹೌದು.

ಅವರ ಅಂಗಡಿ ಎಂಟು ಹೆಜ್ಜೆ ಉದ್ದದ ಒಂದು ಕೋಣೆ. ಬಾಗಿಲ ಬಳಿ ಹೊಲಿಗೆ ಮಷೀನು, ಗೋಡೆಗೆ ನಿಲುವುಗನ್ನಡಿ, ಕಾಯುವವರಿಗೆ ಒಂದು ಬೆಂಚು. ಅಳತೆ ತೆಗೆಯುವುದರಲ್ಲಿ ಅವರದೇ ಒಂದು ಉಪಾಯವಿತ್ತು. ಕನ್ನಡಿಯ ಮುಂದೆ ನಿಂತವರೆಲ್ಲ ಹೊಟ್ಟೆ ಒಳಗೆಳೆದುಕೊಳ್ಳುತ್ತಾರಲ್ಲ, ಇವರು ಟೇಪನ್ನು ಸೊಂಟಕ್ಕೆ ಸುತ್ತಿ, “ಮಗಳು ಹೇಗಿದ್ದಾಳೆ?” ಎಂದು ಕೇಳುವರು. ಉತ್ತರ ಹೇಳಲು ಬಾಯಿ ತೆರೆದೊಡನೆ ಹೊಟ್ಟೆ ತನ್ನ ಜಾಗಕ್ಕೆ ಬರುತ್ತಿತ್ತು. ಆಗ ಅಳತೆ ಬರೆದುಕೊಂಡು, ಪಕ್ಕದಲ್ಲಿ ಆ ಬಟ್ಟೆಯ ಒಂದು ಚೂರನ್ನು ಗುಂಡುಸೂಜಿಯಿಂದ ಸಿಕ್ಕಿಸಿ, ತಾರೀಖು ಹಾಕುವರು. ಐವತ್ತು ವರ್ಷದ ಅಳತೆ ಪುಸ್ತಕಗಳು ಅಟ್ಟದ ಮೇಲಿದ್ದವು.

ನಾನು ನನ್ನ ಬಾಲ್ಯದ ಕಥೆಯನ್ನು ಪುಸ್ತಕ ಮಾಡಿದೆ. ಮೂರು ವರ್ಷದಲ್ಲಿ ಆರು ಮುದ್ರಣ ಕಂಡಿತು. ಎಲ್ಲರಿಗೂ ಹಿಡಿಸಿದ್ದು ನೀಲಿ ಕೋಟಿನ ಅಧ್ಯಾಯ. ಅಮ್ಮ ಸತ್ತ ವರ್ಷವೇ ಅಪ್ಪ ಮರುಮದುವೆಯಾದರು. ಬಂದ ಚಿಕ್ಕಮ್ಮ ಅಮ್ಮನ ನೀಲಿ ಉಣ್ಣೆ ಕೋಟನ್ನು ಹಳೇ ಬಟ್ಟೆಯವನಿಗೆ ಮಾರಿದರು. ಎಂಟು ವರ್ಷದ ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಹೀಗೆ ಬರೆದಿದ್ದೆ. ಓದಿದವರು ಅತ್ತರು. ಎಂಬತ್ತೊಂದು ವರ್ಷದ ಚಿಕ್ಕಮ್ಮ ಎರಡು ಬೀದಿ ಆಚೆ ತಮ್ಮ ತಂಗಿಯ ಮನೆಯಲ್ಲಿದ್ದಾರೆ, ಇದನ್ನು ಓದಿದವರೇ ಬೀದಿಯಲ್ಲಿ ಅವರನ್ನೂ ನೋಡುತ್ತಾರೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ ಅಂಗುಲ ಹೇಳಿ ಕಳಿಸಿದರು. ಆಗಲೇ ಅವರ ಶ್ವಾಸಕೋಶ ಕೆಟ್ಟಿತ್ತು.

“ಬನ್ನಿ ಲೇಖಕರೇ, ಕೂತ್ಕೊಳ್ಳಿ,” ಎಂದರು. ನನ್ನನ್ನು ಬಹುವಚನದಲ್ಲಿ ಕರೆದರೆಂದರೆ ಗ್ರಹಚಾರ ಬಿಡಿಸುತ್ತಾರೆ ಎಂದೇ ಲೆಕ್ಕ. “ಆ ಕೋಟು ಮಾರಿದ್ದನ್ನ ಕಣ್ಣಾರೆ ನೋಡಿದ್ಯಾ?”

“ಅತ್ತೆ ಹೇಳಿದ್ರು ಅಣ್ಣಾ.”

“ನಿಮ್ಮತ್ತೆ ಆವಾಗ ಈ ಊರಲ್ಲಿದ್ರಾ?”

ಇರಲಿಲ್ಲ. ಅಪ್ಪನ ತಂಗಿಯಾದ ಅವರು ಬೇರೆ ಊರಿನಲ್ಲಿದ್ದರು; ಮರುಮದುವೆ ಬೇಡವೆಂದು ಮುನಿಸಿಕೊಂಡು ನಮ್ಮ ಮನೆಗೆ ಕಾಲಿಡುವುದನ್ನೇ ಬಿಟ್ಟಿದ್ದರು.

“ಮತ್ತೆ ಕಿಟಕೀಲಿ ನಿಂತಿದ್ದು ಯಾರಪ್ಪ?”

ಅವರು ಅಟ್ಟದಿಂದ ಇಳಿಸಿಟ್ಟಿದ್ದ ಒಂದು ಅಳತೆ ಪುಸ್ತಕ ತೆರೆದರು. ನನ್ನ ಎದೆ, ತೋಳು, ಬೆನ್ನು. ಪಕ್ಕದಲ್ಲಿ ಎರಡು ಚೂರು: ಒಂದು ನೀಲಿ, ಇನ್ನೊಂದು ಅದೇ ಉಣ್ಣೆಗೆ ಕಪ್ಪು ಬಣ್ಣ ಹಾಕಿಸಿದ್ದು. ಕೆಳಗೆ ಇಪ್ಪತ್ತರ ಹರೆಯದ ಅವರದೇ ಕೈಬರಹ: ‘ತಾಯಿಯ ಕೋಟು ಬಿಚ್ಚಿ ಹುಡುಗನಿಗೆ ಶಾಲೆ ಕೋಟು. ಕಪ್ಪು ಬಣ್ಣ. ತಂದವರು ಚಿಕ್ಕಮ್ಮ. ಹುಡುಗನಿಗೆ ಹೇಳಬಾರದು.’

ಆ ಕಪ್ಪು ಕೋಟನ್ನು ನಾನು ನಾಲ್ಕು ಚಳಿಗಾಲ ತೊಟ್ಟಿದ್ದೆ. ಚಿಕ್ಕಮ್ಮ ತೋಳಿನ ಮಡಿಕೆ ಬಿಚ್ಚಿಸಿ ಎರಡು ಸಲ ಉದ್ದ ಮಾಡಿಸಿಕೊಟ್ಟಿದ್ದರು. ಅಪ್ಪ ತಂದದ್ದು ಎಂದುಕೊಂಡಿದ್ದೆ.

“ಹೇಳಬಾರದು ಅಂತ ಯಾಕಂದ್ರು?”

“ಚಿಕ್ಕಮ್ಮ ಕೊಟ್ಟಿದ್ದು ಅಂದ್ರೆ ತೊಡಲ್ಲ, ಅಮ್ಮಂದು ಅಂದ್ರೆ ತೊಟ್ಕೊಂಡು ಅಳ್ತಾ ಕೂರ್ತಾನೆ ಅಂದ್ರು. ನಾನು ಮಾತು ಕೊಟ್ಟೆ. ನಿನ್ನ ಪುಸ್ತಕ ಬಂದ್ಮೇಲೂ ಬಾಯಿ ಹೊಲ್ಕೊಂಡಿದ್ದೆ. ಆದ್ರೆ ಹೋದ ತಿಂಗಳು ಅವರು ಈ ಬೆಂಚಲ್ಲಿ ಕೂತಿದ್ರು. ಇನ್ನೊಬ್ಬಳು ಬಂದು ಮುಖ ನೋಡಿ, ‘ಪುಸ್ತಕದವಳು ಇವಳೇ ಅಲ್ವಾ’ ಅಂತ ಹೊರಗೇ ನಿಂತ್ಲು. ನಿನಗೆ ಹೇಳ್ಬಿಡ್ಲಾ ಅಂತ ನಿಮ್ಮ ಚಿಕ್ಕಮ್ಮನ್ನ ಕೇಳ್ದೆ. ಬೇಡ, ಪುಸ್ತಕ ಚೆನ್ನಾಗಿ ಓಡ್ತಿದೆ, ಅಡ್ಡಗಾಲು ಹಾಕ್ಬೇಡ ಅಂದ್ರು.” ಅವರಿಗೆ ಉಸಿರು ಕಟ್ಟಿತು. ಸುಧಾರಿಸಿಕೊಂಡು ಹೇಳಿದರು: “ನಾನು ಹೋದ್ಮೇಲೆ ಇವೆಲ್ಲ ರದ್ದಿಗೆ ಹೋಗ್ತವೆ ಕಣೋ. ಆಮೇಲೆ ಅವರ ಪರ ಮಾತಾಡೋಕೆ ಯಾರಿದ್ದಾರೆ? ಅದಕ್ಕೇ ಮಾತು ಮುರೀತಿದ್ದೀನಿ. ನಿನ್ನ ಪುಸ್ತಕ ಒಳ್ಳೇದೇ. ಆ ಒಂದು ಪುಟದಲ್ಲಿ ಮಾತ್ರ ಹೊಟ್ಟೆ ಒಳಗೆಳ್ಕೊಂಡು ನಿಂತಿದ್ದೀಯ.”

ಪ್ರಕಾಶಕರಿಗೆ ಫೋನ್ ಮಾಡಿದೆ. “ಸ್ವಾಮಿ, ಅದು ನಿಮ್ಮ ನೆನಪು. ನೆನಪಿಗೆ ಯಾರು ಸಾಕ್ಷಿ ಕೇಳ್ತಾರೆ? ಜನ ಕೊಳ್ಳೋದೇ ಆ ಅಧ್ಯಾಯಕ್ಕೆ,” ಎಂದರು. ತಿದ್ದದೆ ಏಳನೆಯ ಮುದ್ರಣ ಬೇಡವೇ ಬೇಡ ಎಂದೆ. ಗೊಣಗಿಕೊಂಡೇ ಒಪ್ಪಿದರು.

ಅಧ್ಯಾಯವನ್ನು ಹೊಸದಾಗಿ ಬರೆದು, ಪ್ರೂಫ್ ತೆಗೆದುಕೊಂಡು ಅಂಗುಲರ ಮನೆಗೆ ಹೋದೆ. ಆ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು. ಪೆನ್ಸಿಲ್ ಕೇಳಿ ಪಡೆದು ಓದಿದರು. ಚಿಕ್ಕಮ್ಮ ಕೋಟನ್ನು ಎದೆಗೊತ್ತಿಕೊಂಡು ಅಂಗಡಿಯಲ್ಲಿ ಕಣ್ಣೀರಿಟ್ಟರು ಎಂದು ಬರೆದಿದ್ದ ಸಾಲನ್ನು ಪೂರ್ತಿ ಹೊಡೆದುಹಾಕಿದರು.

“ಅತ್ತಿದ್ದು ನಾನು ನೋಡಿಲ್ಲ.”

“ಅತ್ತಿರಬಹುದಲ್ಲ ಅಣ್ಣಾ?”

“ಇರಬಹುದು. ನನ್ನ ಅಂಗಡೀಲಿ ಜಗಳ ಆಡಿದ್ರು. ಗುಂಡಿ ಗಟ್ಟಿಯಿಲ್ಲ, ಎಲ್ಲಾ ಕಿತ್ತು ಮತ್ತೆ ಹಾಕು ಅಂತ ಅರ್ಧ ಗಂಟೆ ತಲೆ ತಿಂದ್ರು. ಜಗಳಾನೇ ಬರಿ.”

“ಮಲಗಿದ್ರೂ ಕತ್ತರಿ ಬಿಡಲ್ಲ ಇವರು,” ಎಂದರು ಅವರ ಹೆಂಡತಿ. ಅಂಗುಲ ನಕ್ಕರು. ನಗು ಕೆಮ್ಮಾಯಿತು. ಜಗಳವನ್ನೇ ಬರೆದೆ. ನಾನು ನೋಡಿರಲಿಲ್ಲ, ಅತ್ತೆಯ ಮಾತು ನಂಬಿ ಬರೆದಿದ್ದೆ, ನಿಜ ಸಿಕ್ಕಿದ್ದು ಟೈಲರ್ ಅವರ ಅಳತೆ ಪುಸ್ತಕದಲ್ಲಿ ಎಂದು ಮುನ್ನುಡಿಯಲ್ಲಿ ಸೇರಿಸಿದೆ. ಅಚ್ಚಾಗಿ ಬಂದಾಗ ಅವರಿರಲಿಲ್ಲ.

ಅಂಗಡಿಯ ಮುಂದೆ ಹಾದುಹೋಗುವಾಗ ಈಗಲೂ ಎದೆ ಭಾರವಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚಾಗಿ ಅವರ ಋಣ ನೆನಪಾಗುತ್ತದೆ. ಚಿಕ್ಕಮ್ಮ ಬದುಕಿರುವಾಗಲೇ ನಾನು ತಪ್ಪು ಒಪ್ಪಿಕೊಳ್ಳುವಂತೆ ಮಾಡಿದರು. ಐವತ್ತು ವರ್ಷದ ಹಿಂದೆ ನನ್ನನ್ನು ಯಾರು ಬೆಚ್ಚಗಿಟ್ಟರು ಎಂದು ತೋರಿಸಿಕೊಟ್ಟರು.

ಮೊನ್ನೆ ಹೊಸ ಪ್ರತಿ ಹಿಡಿದು ಚಿಕ್ಕಮ್ಮನ ಬಳಿ ಹೋದೆ. ಅವರಿಗೆ ಕಣ್ಣು ಮಂಜು. ನಾನೇ ಓದಿ ಹೇಳಿದೆ. ಕೊನೆಯವರೆಗೂ ಕೇಳಿದರು.

“ತಪ್ಪಾಯ್ತು ಚಿಕ್ಕಮ್ಮ.”

“ಮಾತು ಮುರಿದೇಬಿಟ್ನಾ ಆ ಮಹಾರಾಯ,” ಎಂದು ಬರಿಗೈಯಿಂದಲೇ ಕಣ್ಣು ಒರೆಸಿಕೊಂಡರು. “ನಡಿ, ಅವನ ಹೆಂಡತೀನ ನೋಡ್ಕೊಂಡು ಬರೋಣ.”

ಹಿಂದಿನ ಓಣಿಯಲ್ಲಿ ಹೋದರೆ ಹತ್ತಿರ. ಅವರು ನನ್ನ ತೋಳು ಹಿಡಿದು ಅಂಗಡಿ ಬೀದಿಗೇ ತಿರುಗಿದರು. ಹೊಸ ಮುದ್ರಣ ಓದಿದ್ದನೋ ಏನೋ, ಚಪ್ಪಲಿ ಅಂಗಡಿಯವನು ಎದ್ದು ನಿಂತು, “ಹೇಗಿದ್ದೀರಮ್ಮಾ?” ಎಂದ.

“ಚೆನ್ನಾಗಿದ್ದೀನಪ್ಪ. ಕೇಳೋಕೆ ಮೂರು ವರ್ಷ ಬೇಕಾಯ್ತಾ?”

ಅವನು ತಬ್ಬಿಬ್ಬಾಗಿ ಸ್ಟೂಲು ಎಳೆದು ಕೊಟ್ಟ.

“ವಾಪಸ್ ಬರ್ತಾ ಕೂರ್ತೀನಿ,” ಎಂದು ಚಿಕ್ಕಮ್ಮ ನನ್ನನ್ನು ಮುಂದಕ್ಕೆ ಎಳೆದರು.