ಮೈಕಣ್ಣನ ಪಾಠಗಳು

ಆಫೀಸಿನಲ್ಲಿ ಅವಳನ್ನು ಎಲ್ಲರೂ ರಬ್ಬರ್ ಎಂದೇ ಕರೆಯುತ್ತಿದ್ದರು. ಆ ಅಡ್ಡಹೆಸರು ಇಟ್ಟವನು ಅವಳ ಸ್ವಂತ ಅಣ್ಣ; ಅದು ಹೇಗೋ ಮನೆಯ ಹೊಸ್ತಿಲು ದಾಟಿ ಆಫೀಸು ಸೇರಿತ್ತು. ಇಂಟರ್ನೆಟ್ಟಿನಲ್ಲಿ ಬೇಕಾದ್ದನ್ನು ಹುಡುಕಿಕೊಡುವ ಕಂಪನಿಯೊಂದರಲ್ಲಿ ಅವಳ ಕೆಲಸವೂ ಅಂಥದೇ. ನಮ್ಮ ಪುಸ್ತಕ ಕದ್ದಿದ್ದಾರೆ, ನಮ್ಮ ಸಿನಿಮಾ ಕದ್ದಿದ್ದಾರೆ ಎಂದು ಕಂಪನಿಗಳು ದೂರು ಕಳಿಸುತ್ತವೆ. ದೂರು ಸರಿ ಎನಿಸಿದರೆ ಅವಳು ಒಂದು ಗುಂಡಿ ಒತ್ತುತ್ತಾಳೆ. ಅಲ್ಲಿಂದಾಚೆಗೆ ಇಂಟರ್ನೆಟ್ಟಿನಲ್ಲಿ ಯಾರು ಎಷ್ಟು ಹುಡುಕಿದರೂ ಆ ಪುಟ ಸಿಗುವುದಿಲ್ಲ. ಪುಟವೇನೋ ಇದ್ದಲ್ಲೇ ಇರುತ್ತದೆ. ದಾರಿಗೆ ಬೇಲಿ ಹಾಕಿದರೆ ಊರೇನು ಮಾಯವಾಗುತ್ತದೆಯೇ? ಆದರೆ ಯಾರೂ ಬರುವುದಿಲ್ಲ, ಅಷ್ಟೆ.

ಅವಳಿಗೆ ಕಾನೂನು ಓದಿಸಿದವನೂ ಅಣ್ಣನೇ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆಂದು ಕೂಗುವುದು ಅವನ ಕೆಲಸ. ಊರಿಗೆಲ್ಲ ಅವನು ಮೈಕಣ್ಣ. ತಂಗಿಯನ್ನು ಕಪ್ಪು ಕೋಟಿನಲ್ಲಿ ನೋಡಬೇಕೆಂದು ಅವನಿಗೆ ಬಲು ಆಸೆ. ಕೋಟು ಹೊಲಿಸಿದ್ದಾಯಿತು, ಕೇಸುಗಳು ಬರಲಿಲ್ಲ. ಕೊನೆಗೆ ಅವಳು ಈ ಆಫೀಸು ಸೇರಿದಾಗ, "ಕಾನೂನೇ ತಾನೇ ಪುಟ್ಟಿ, ಎಲ್ಲಿ ಕೂತು ಮಾಡಿದ್ರೇನು" ಎಂದು ಅವನೇ ಸಮಾಧಾನ ಹೇಳಿದ. ಕೋಟು ಇನ್ನೂ ಅವನ ಬೀರುವಿನಲ್ಲೇ ಇದೆ.

ಆಮೇಲೆ ನಿಲ್ದಾಣಕ್ಕೆ ಯಂತ್ರ ಬಂತು. ಒಬ್ಬ ಹೆಂಗಸಿನ ದನಿಯನ್ನು ಅದರಲ್ಲಿ ತುಂಬಿ ಮೈಕಣ್ಣನನ್ನು ಮನೆಗೆ ಕಳಿಸಿದರು. ಬಾಯಿ ಸುಮ್ಮನಿರಬೇಕಲ್ಲ! "ಅಡುಗೆಮನೆಯಿಂದ ಹೊರಡಬೇಕಾದ ಕಾಫಿ ತಡವಾಗಿ ಬರುತ್ತಿದೆ, ಪ್ರಯಾಣಿಕರು ಸಹಕರಿಸಬೇಕು" ಎಂದು ಹಜಾರದಿಂದ ಕೂಗುತ್ತಿದ್ದ. ಅತ್ತಿಗೆ ನಗುತ್ತಿದ್ದಳು. ನಕ್ಕು, ಒಳಗೆ ಹೋಗಿ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಒಂದು ದಿನ ಔಷಧಿ ಅಂಗಡಿಯಲ್ಲಿ ಕಣ್ಣು ಕಾಣದ ಕಾಲೇಜು ಹುಡುಗಿಯೊಬ್ಬಳು ಅವನ ದನಿ ಕೇಳಿ ತಟ್ಟನೆ ತಿರುಗಿದಳು. "ನೀವು ಬಸ್ ಸ್ಟ್ಯಾಂಡಿನ ಮೈಕಣ್ಣ ಅಲ್ವಾ ಸರ್? ನಿಮ್ಮ ದನಿ ನಂಬ್ಕೊಂಡೇ ನಾನು ಬಸ್ ಹತ್ತುತ್ತಾ ಇದ್ದೆ. ಈಗ ಆ ಯಮ್ಮ ಏನು ಹೇಳ್ತಾಳೋ ಒಂದೂ ತಿಳಿಯಲ್ಲ." ಸ್ವಲ್ಪ ತಡೆದು ಕೇಳಿದಳು: "ಸರ್, ನನಗೆ ಪಾಠ ಓದಿ ಕೊಡ್ತೀರಾ?"

ಅವನಿಗೆ ಹೋದ ಜೀವ ಬಂದಂತಾಯಿತು. ಉಗ್ರಾಣದ ಗೋಡೆಗೆ ಹಳೆಯ ಕಂಬಳಿಗಳನ್ನು ನೇತುಹಾಕಿ, ಸದ್ದಾಗಬಾರದೆಂದು ಫ್ಯಾನ್ ಆರಿಸಿ, ಬೆವರು ಸುರಿಸುತ್ತ ಕಾಲೇಜಿನ ಪುಸ್ತಕಗಳನ್ನು ಓದಿ ಮೊಬೈಲಿನಲ್ಲಿ ತುಂಬಿಸಿದ. ತಂಗಿಯೇ ಇಂಟರ್ನೆಟ್ಟಿನಲ್ಲಿ ಅವನಿಗೊಂದು ಪುಟ ಮಾಡಿಕೊಟ್ಟು ಪಾಠಗಳನ್ನೆಲ್ಲ ಅದಕ್ಕೆ ಏರಿಸಿದಳು. ಮೊಬೈಲಿನಲ್ಲಿ ಜಾಗ ಸಾಲದೆಂದು, ಏರಿಸಿದ್ದನ್ನು ಅವನು ಅಲ್ಲಿಂದ ಅಳಿಸಿಬಿಡುತ್ತಿದ್ದ. ಪ್ರತಿ ಪಾಠದ ಮೊದಲಿಗೆ ಹಳೆಯ ವರಸೆ: "ಪ್ರಯಾಣಿಕರ ಗಮನಕ್ಕೆ. ಕಣ್ಣು ಕಾಣದವರಿಗಾಗಿ ಇತಿಹಾಸದ ಮೂರನೆಯ ಪಾಠ ಈಗ ಹೊರಡಲಿದೆ."

ಎಲ್ಲೆಲ್ಲಿಯದೋ ಮಕ್ಕಳು ಹುಡುಕಿಕೊಂಡು ಬಂದರು. ಪುಟದ ಕೆಳಗೆ ಒಂದೊಂದು ಮಾತು ಬರೆದು ಹೋಗುತ್ತಿದ್ದರು. ಊಟವಾದ ಮೇಲೆ ತಂಗಿ ಅದನ್ನು ಓದಿ ಹೇಳಬೇಕು, ಅಣ್ಣ ಕಣ್ಣು ಮುಚ್ಚಿಕೊಂಡು ಕೇಳಬೇಕು. ಪಾಸಾದೆ ಎಂದು ಯಾರೋ ಬರೆದ ದಿನ ಅವನು ಎದ್ದುಹೋಗಿ ಆಗಲೇ ತೊಳೆದಿದ್ದ ಕೈಯನ್ನೇ ಮತ್ತೆ ತೊಳೆದುಕೊಂಡು ಬಂದ.

ಆಮೇಲೆ ಮಾತುಗಳು ನಿಂತುಹೋದವು.

ಮೊದಲು ರಜೆಯಿರಬೇಕು ಎಂದುಕೊಂಡ. ರಜೆ ಮುಗಿದರೂ ಯಾರೂ ಬರಲಿಲ್ಲ. ಅವನಿಗೆ ತನ್ನ ಗಂಟಲ ಮೇಲೇ ಅನುಮಾನ ಹುಟ್ಟಿತು. ಉಪ್ಪುನೀರು ಮುಕ್ಕಳಿಸಿದ, ತಣ್ಣನೆಯದನ್ನು ಬಿಟ್ಟ, ಡಾಕ್ಟರಿಗೆ ತೋರಿಸಿದ. ಡಾಕ್ಟರು ಏನೂ ಇಲ್ಲ ಎಂದರೆ ಡಾಕ್ಟರ ಮೇಲೂ ಅನುಮಾನ.

"ನಿಜ ಹೇಳು ಪುಟ್ಟಿ, ನನ್ನ ದನಿ ಕೆಟ್ಟಿದೆಯಾ? ನಿಲ್ದಾಣದವರು ಸುಮ್ಮನೆ ಕಳಿಸ್ತಾರಾ ಹೇಳು. ನನಗೇ ಗೊತ್ತಾಗಿಲ್ಲ ಅನ್ಸುತ್ತೆ."

ಮರುದಿನ ಆಫೀಸಿನಲ್ಲಿ ಕೂತು ಅಣ್ಣನ ಪಾಠಗಳನ್ನು ಹುಡುಕಿದಳು. ಒಂದೂ ಸಿಗಲಿಲ್ಲ. ಫಲಿತಾಂಶಗಳ ಪುಟದ ತಳದಲ್ಲಿ ಬೂದು ಬಣ್ಣದ ಸಣ್ಣ ಸಾಲು: ದೂರೊಂದರ ಕಾರಣ ಕೆಲವು ಫಲಿತಾಂಶಗಳನ್ನು ತೆಗೆಯಲಾಗಿದೆ. ಆ ಸಾಲು ಅವಳಿಗೆ ಅಂಗೈ ರೇಖೆಯಷ್ಟು ಪರಿಚಿತ. ದೂರನ್ನು ತೆಗೆದು ನೋಡಿದಳು. ಪಠ್ಯಪುಸ್ತಕದ ಕಂಪನಿಯೊಂದು ಕಳಿಸಿದ್ದು. ಒಪ್ಪಿಗೆ ಕೊಟ್ಟವರ ಜಾಗದಲ್ಲಿ ಅವಳದೇ ಗುರುತಿನ ಸಂಖ್ಯೆ ಇತ್ತು.

ಆ ಆಫೀಸಿನಲ್ಲಿ ಒಂದು ರೂಢಿಯಿತ್ತು. ಒಂದು ದೂರಿನಲ್ಲಿ ರಾಶಿ ಪುಟಗಳ ವಿಳಾಸ ಇರುತ್ತದೆ. ಎಲ್ಲವನ್ನೂ ತೆರೆದು ನೋಡುತ್ತ ಕೂತರೆ ದಿನದ ಕೆಲಸ ಮುಗಿಯುವುದಿಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕಲ್ಲವೇ? ಹಾಗೆಯೇ ಮೊದಲಿನದೊಂದು, ಕೊನೆಯದೊಂದು ತೆರೆದು ನೋಡಿ, ಎರಡೂ ಕಳ್ಳಮಾಲಾದರೆ ನಡುವಿನದಕ್ಕೆಲ್ಲ ಒಟ್ಟಿಗೆ ಗುಂಡಿ ಒತ್ತುವುದು. ಇದಕ್ಕೆ ಅಲ್ಲಿ ಅಗುಳು ಹಿಚುಕುವುದು ಎಂದೇ ಹೆಸರು. ಅಣ್ಣನ ಪುಟ ನಡುವೆ ಇತ್ತು. ವಿಳಾಸವೆಂದರೆ ಉದ್ದಕ್ಕೆ ಅಕ್ಷರ, ಅಂಕಿ. ತಾನೇ ಮಾಡಿಕೊಟ್ಟ ಪುಟವನ್ನು ಅವಳು ಗುರುತಿಸಿರಲಿಲ್ಲ. ತೆರೆದಿದ್ದರೆ ಮೊದಲ ಮಾತಿಗೇ ಗೊತ್ತಾಗುತ್ತಿತ್ತು. ಕಣ್ಣು ಕಾಣದವರಿಗೆ ಓದಿ ಕೊಟ್ಟರೆ ತಪ್ಪಿಲ್ಲವೆಂದು ಕಾನೂನಿದೆ, ಅದನ್ನು ಅವಳು ಅಣ್ಣನ ದುಡಿಮೆಯಲ್ಲೇ ಓದಿದ್ದಳು.

ಹಾಕಿದ ಬೇಲಿ ತೆಗೆಯುವುದು ಹೇಗೆಂದು ಅವಳು ಕೇಳಿದಾಗ ಮೇಲ್ವಿಚಾರಕ ತಲೆ ಎತ್ತದೆ ಹೇಳಿದ: "ಪುಟದವರು ಆಕ್ಷೇಪಣೆಗೆ ಸಹಿ ಹಾಕಿ ಕಳಿಸಬೇಕು. ಇಲ್ಲಾಂದ್ರೆ ನೋಡದೇ ಒಪ್ಪಿದೆ ಅಂತ ನೀವು ಬರೆದು ಕೊಡಿ. ಆದ್ರೆ ನೀವು ಇದುವರೆಗೆ ಒಪ್ಪಿದ್ದನ್ನೆಲ್ಲ ಮತ್ತೆ ತೆಗೆದು ನೋಡ್ತಾರೆ. ಆಮೇಲೆ ನಿಮ್ಮ ಕೆಲಸ ಉಳಿಯುತ್ತೆ ಅಂತ ನಾನು ಹೇಳಲಾರೆ."

ಅವಳು ಸಹಿಯ ದಾರಿ ಹಿಡಿದಳು. ಆ ಮನೆಯಲ್ಲಿ ಈಗ ದುಡಿಯುವವಳು ಅವಳೊಬ್ಬಳೇ, ನಿಜ. ಆದರೆ ನಿಜವಾಗಿ ಹೆದರಿದ್ದು ಅಣ್ಣನ ಮುಖಕ್ಕೆ.

ಸಂಜೆ ಕಾಗದವನ್ನು ಅವನ ಮುಂದಿಟ್ಟು, ಪುಸ್ತಕದ ಕಂಪನಿ ದೂರು ಕೊಟ್ಟಿದೆ, ಆಫೀಸು ಒಪ್ಪಿದೆ, ಸಹಿ ಹಾಕಿದರೆ ಸರಿಹೋಗುತ್ತದೆ ಎಂದಳು. ಒಪ್ಪಿದ್ದು ಯಾರೆಂದು ಹೇಳಲಿಲ್ಲ.

ಮೈಕಣ್ಣ ಕಾಗದವನ್ನು ದೂರ ಹಿಡಿದು ಓದಿದ. "ಅಂದ್ರೆ ನಾನು ಕದ್ದಿದ್ದೀನಿ ಅಂತಾನಾ?"

"ಹಾಗಲ್ಲ ಅಣ್ಣ..."

"ನಿನ್ನಂಥ ಓದಿದೋರು ಕೂತು ನೋಡಿ ತಾನೇ ಹೌದು ಅಂದಿರೋದು? ಸುಮ್ಮನೆ ಅಂತಾರಾ?" ಅವನು ಕಾಗದವನ್ನು ಮಡಿಚಿಟ್ಟ. "ಇಷ್ಟು ವರ್ಷ ಒಬ್ಬರ ಕೈಲಿ ಒಂದು ಮಾತು ಅನ್ನಿಸ್ಕೊಂಡಿಲ್ಲ. ಕಳ್ಳ ಅನ್ನಿಸ್ಕೊಂಡು ಓದೋದು ಬೇಡಮ್ಮ. ಆ ಪುಟಾನೂ ಇಡಬೇಡ. ನಿನ್ನ ಕೆಲಸವೇ ಅಲ್ವಾ, ನೀನೇ ಅಳಿಸು."

ಆಗ ಹೇಳಬೇಕಿತ್ತು. ಕಾನೂನು ನಿನ್ನ ಕಡೆಗಿದೆ ಎಂದರೆ, ಮತ್ತೆ ಒಪ್ಪಿದವರು ಯಾರು ಎಂದು ಅವನು ಕೇಳುತ್ತಿದ್ದ. ಅವನು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತ. ಬೇರೆಲ್ಲೂ ಪ್ರತಿಯಿಲ್ಲದ ಪಾಠಗಳನ್ನು ಅವಳು ಒಂದೊಂದಾಗಿ ಅಳಿಸುತ್ತ ಹೋದಳು, ಅವನು ಒಂದೊಂದರ ಹೆಸರೂ ಹೇಳುತ್ತಿದ್ದ. ಉಗ್ರಾಣದ ಕಂಬಳಿಗಳನ್ನು ಅತ್ತಿಗೆ ಇಳಿಸಿ ಮಡಿಚಿದಳು.

ವಾರ ಕಳೆಯುವುದರೊಳಗೆ ಆ ಕಾಲೇಜು ಹುಡುಗಿಯ ಫೋನು ಬಂತು. ಪುಟದ ವಿಳಾಸವನ್ನು ಮೊದಲೇ ತನ್ನ ಫೋನಿನಲ್ಲಿ ಉಳಿಸಿಕೊಂಡಿದ್ದವಳು ಅವಳೊಬ್ಬಳು; ಕೆಳಗೆ ಏನೂ ಬರೆಯದೆ ಪಾಠ ಕೇಳಿಕೊಂಡು ಹೋಗುತ್ತಿದ್ದಳು. ದನಿ ಹಜಾರಕ್ಕೆಲ್ಲ ಕೇಳುತ್ತಿತ್ತು.

"ಸರ್, ಪಾಠ ಯಾಕೆ ಬರ್ತಾ ಇಲ್ಲ? ಪರೀಕ್ಷೆ ಹತ್ರ ಬಂತಲ್ಲ?"

"ನಾವು ಓದಿದ್ದು ತಪ್ಪಂತಮ್ಮ. ಕಾನೂನು ಒಪ್ಪಲ್ವಂತೆ."

"ಯಾರು ಸರ್ ಹಾಗಂದಿದ್ದು? ನಮ್ಮಂಥವರಿಗೆ ಓದಿ ಕೊಡಬಹುದು ಅಂತ ಕಾನೂನೇ ಹೇಳುತ್ತೆ. ನಿಮ್ಮ ತಂಗಿ ಲಾಯರ್ ಅಲ್ವಾ? ಕೇಳಿ ನೋಡಿ."

ಅವನು ಫೋನನ್ನು ಕಿವಿಯಿಂದ ಇಳಿಸಿ ತಂಗಿಯ ಕಡೆ ತಿರುಗಿದ.

"ಹೌದೇನೇ?"

"ಹೌದು."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು." ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ಒಪ್ಪಿದ್ದು ನಾನೇ ಅಣ್ಣ. ತೆರೆದು ನೋಡಲಿಲ್ಲ. ನೋಡದೇ ಒತ್ತಿಬಿಟ್ಟೆ."

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. ಗಂಟಲ ಮೇಲೆ ಕೈಯಿಟ್ಟುಕೊಂಡು, ಮೈಕನ್ನೇ ಕಂಡಿರದವನ ಹಾಗೆ ಸಣ್ಣ ದನಿಯಲ್ಲಿ ಕೇಳಿದ:

"ಹಾಗಾದ್ರೆ ನನ್ನ ದನಿ ಕೆಟ್ಟಿರಲಿಲ್ಲ?"

"ಇಲ್ಲ ಅಣ್ಣ."

ಫೋನಿನಲ್ಲಿ ಹುಡುಗಿ ಇನ್ನೂ ಸರ್, ಸರ್ ಎಂದು ಕರೆಯುತ್ತಿದ್ದಳು. ಅವನು ಫೋನನ್ನು ತಂಗಿಯ ಕೈಗೆ ಕೊಟ್ಟು ಎದ್ದ.

"ನೀನೇ ಹೇಳು ಅವಳಿಗೆ" ಎಂದು ಒಳಗೆ ಹೋದ.