ಕಿವಿ ಮುಟ್ಟಿಸಿದ ಗಂಗಕ್ಕ

ಗಂಗಕ್ಕ ಯಾವ ಮಗು ಕಂಡರೂ ಅದರ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ನೋಡುವಳು. ಮುಟ್ಟಿದರೆ ಸ್ಕೂಲಿಗೆ ಸೇರಿಸುವ ವಯಸ್ಸು. ಮುಟ್ಟದಿದ್ದರೆ, "ಇನ್ನೂ ಗಿಡ್ಡಗೈ ಕಣೇ, ಮುದ್ದೆ ಹಾಕು," ಎಂದು ತಾಯಿಯನ್ನು ಗದರುವಳು. ಚೌಳಹಿರಿಯೂರಿನ ಹತ್ತಿರ ನಮ್ಮೂರು. ಅವಳು ಕೂಲಿ ಮಾಡಿ, ಉಳಿದ ಹೊತ್ತಿನಲ್ಲಿ ತೆಂಗಿನ ಗರಿ ಸೀಳಿ ಪೊರಕೆ ಕಟ್ಟುತ್ತಿದ್ದಳು. ಆ ಪೊರಕೆಯಲ್ಲಿ ನಾನು ಸ್ಕೂಲು ಗುಡಿಸುತ್ತಿದ್ದೆ. ನನಗೆ ಬರುವ ನಾಲ್ಕಕ್ಷರ ಅಲ್ಲಿ ಬೋರ್ಡು ಒರೆಸುವಾಗ ಕಲಿತದ್ದು.

ಗಂಗಕ್ಕನ ಮಗಳು ಸತ್ತಾಗ ಮೊಮ್ಮಗಳು ಸಾವಿತ್ರಿಗೆ ನಾಲ್ಕು ತುಂಬಿತ್ತು. ತಂದೆ ಅಜ್ಜಂಪುರದಲ್ಲಿ ಇನ್ನೊಂದು ಮದುವೆಯಾದ. ಹತ್ತನೇ ಕ್ಲಾಸಿನವರೆಗೆ ಅಜ್ಜಿಯ ಹತ್ತಿರ, ಆಮೇಲೆ ತಂದೆಯ ಹತ್ತಿರ ಎಂದು ಹಿರಿಯರು ಕಾಗದ ಮಾಡಿದರು. ಕೂಲಿಗೆ ಹೋಗುವಾಗ ಮಗುವನ್ನು ಬಿಡಲು ಜಾಗವಿಲ್ಲದೆ ಗಂಗಕ್ಕ ಸ್ಕೂಲಿಗೆ ಕರೆತಂದಳು. ಕೈ ಕಿವಿ ಮುಟ್ಟಲಿಲ್ಲ. ಹಿಂದಿನಿಂದ ತಲೆಯನ್ನೇ ಓರೆ ಮಾಡಿ ಮುಟ್ಟಿಸಿದಳು.

"ಆರು ತುಂಬೈತೆ ಸ್ವಾಮಿ. ಬೇಕಾದ್ರೆ ಇವಳನ್ನ ಕೇಳಿ."

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಹೂಂ ಅಂದೆ. ಎಲ್ಲರೂ ಹಾಗೇ ಬರೆಸುತ್ತಿದ್ದರು.

ಹತ್ತು ಮುಗಿಸಿದ ಹುಡುಗಿ ಟ್ರಂಕಿನಲ್ಲಿ ಟೀಸಿ ಇಟ್ಟುಕೊಂಡು ಅಜ್ಜಂಪುರಕ್ಕೆ ಹೋದಳು. ಎರಡು ವರ್ಷದ ಮೇಲೆ ಯುಗಾದಿಗೆ ಬಂದವಳು ವಾಪಸ್ ಹೋಗುವುದಿಲ್ಲ ಎಂದಳು. ಆ ಮನೆಯಲ್ಲಿ ಮಲತಾಯಿಯ ತಮ್ಮನೂ ಇದ್ದ. ಬಚ್ಚಲ ಬಾಗಿಲಿನ ಚಿಲಕ ಎರಡು ಸಲ ಕಿತ್ತುಬಂದಿತ್ತಂತೆ. ತಂದೆ ಬಂದು, ಕಾಗದ ತೋರಿಸಿ, ಎಳೆದುಕೊಂಡು ಹೋದ.

"ಚಿಲಕ ತಾನಾಗೇ ಕಿತ್ಕಳಲ್ಲ ಕಣೇ," ಎಂದು ಗಂಗಕ್ಕ ಹಿರಿಯರ ಜಗಲಿಗೆ ಹೋದಳು. ಆಡಿದ ಮಾತು ಬದಲಾಯಿಸಲು ಆಗುವುದಿಲ್ಲ ಎಂದರು. "ಮಾತು ನಿಮ್ದು, ಮಗು ನಂದು," ಎಂದು ಎದ್ದು ಬಂದಳು. ಮಾರನೇ ದಿನ ನಾವಿಬ್ಬರೂ ವಕೀಲರನ್ನು ಕಾಣಲು ತರೀಕೆರೆ ಬಸ್ಸು ಹತ್ತಿದೆವು.

ಹುಡುಗಿಗೆ ಅಪಾಯವಿದ್ದರೆ ಕೋರ್ಟು ಅಜ್ಜಿಯ ವಶಕ್ಕೆ ಕೊಡಬಹುದು ಎಂದರು ವಕೀಲರು. ಆಮೇಲೆ ಸ್ಕೂಲಿನಿಂದ ತಂದಿದ್ದ ಜನ್ಮದಿನದ ಚೀಟಿ ನೋಡಿದರು.

"ಹೋದ ತಿಂಗಳು ಹದಿನೆಂಟಾಯ್ತಲ್ಲಮ್ಮ. ಇನ್ನು ಯಾರ ವಶಕ್ಕೆ ಅಂತ ಕೇಳೋ ಹಾಗಿಲ್ಲ. ಅವಳೇ ಬಂದು ಹೇಳಬೇಕು."

"ಹದಿನಾರು ಸ್ವಾಮಿ. ಅವತ್ತು ಸುಳ್ಳು ಹೇಳಿದ್ದೆ."

"ಸಾಕ್ಷಿ ಯಾರು?"

ಗಂಗಕ್ಕ ನನ್ನನ್ನು ತೋರಿಸಿದಳು. ಅವತ್ತು ಆರು ಎಂದಿದ್ದವಳೂ ನಾನೇ ಎಂದೆ. ವಕೀಲರು ಚೀಟಿ ಮಡಿಸಿ ವಾಪಸ್ ಕೊಟ್ಟರು.

ಅಜ್ಜಂಪುರದವರು ಹುಡುಗಿಯನ್ನು ಹೊಸಿಲು ದಾಟಲು ಬಿಡಲಿಲ್ಲ. ಮುಂದಿನ ತಿಂಗಳು ತಂದೆ ಅವಳನ್ನು ಹೆಂಡತಿಯ ಆ ತಮ್ಮನಿಗೇ ಧಾರೆ ಎರೆದ. ವಯಸ್ಸು ಕೇಳಿದವರಿಗೆ ಟೀಸಿ ತೋರಿಸಿದ.

ಆಮೇಲೆ ಗಂಗಕ್ಕ ಯಾವ ಮಗುವಿನ ಕೈಯನ್ನೂ ಹಿಡಿಯಲಿಲ್ಲ. ಕಡೆಯ ಸಲ ನೋಡಲು ಹೋದಾಗ ಗೋಡೆ ಕಡೆ ತಿರುಗಿ ಮಲಗಿದ್ದಳು.

"ನೀನಾದ್ರೂ ಅವತ್ತು ಮೇಷ್ಟ್ರಿಗೆ ಇಲ್ಲ ಅನ್ನಬೋದಿತ್ತು ಕಣೇ."

ನಾನು ಹೂಂ ಅಂದೆ.